ಡಾಕ್ಟರ್ ಡೆನಿಸ್ ಬರ್ಕಿಟ್ಟರ ಚರಿತ್ರೆ

ಬಾಯಲ್ಲಿ ಹುಟ್ಟುವ ಅರ್ಬುದ ರೋಗವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಹೊಗೆಸೊಪ್ಪನ್ನೂ ಅಡಿಕೆಯನ್ನೂ ಬಹು ವರುಷ ಅಗಿದವರ ಕೆನ್ನೆಯ ಒಳಗಡೆಯಲ್ಲಿ ಹುಣ್ಣಾಗಿ ತೋರಿ ಮೆಲ್ಲಮೆಲ್ಲನೆ ಹಬ್ಬುವ ಆ ರೋಗವು ಹೆಚ್ಚಾಗಿ ಪ್ರಾಯ ಕಳೆದವರದು. ನಾವು ಈಗ ಹೇಳಲಿರುವದು ಬೇರೊಂದು ರೋಗದ ಸಂಗತಿ. ಇದು ಐದಾರು ವರುಷದ ಮಕ್ಕಳ ದವಡೆಯೊಳಗೆ ಗಡ್ಡೆಯಾಗಿ ಹುಟ್ಟಿ, ಚಿಕಿತ್ಸೆ ಇಲ್ಲದಿದ್ದರೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಪ್ರಾಣವನ್ನು ತೆಗೆಯುತ್ತದೆ. ಲೋಕದ ಹೆಚ್ಚಿನ ದೇಶಗಳಲ್ಲಿ ಇದು ಬಹು ಅಪರೂಪ. ಆಫ್ರಿಕಾ ಖಂಡದ ನಡುವಣ ಬಿಸಿಸೀಮೆಯಲ್ಲಾದರೋ ಮಕ್ಕಳಿಗೆ ಬರುವ ಅರ್ಬುದಗಳಲ್ಲೆಲ್ಲಾ ಇದೇ ಹೆಚ್ಚು. ಚೆದರಿ ಕಾಣುತ್ತಿದ್ದ ಲಕ್ಷಣಗಳನ್ನು ಒಟ್ಟುಗೂಡಿಸಿ ಇದು ಒಂದೇ ರೋಗವೆಂದು ಗುರುತಿಸಿದವರೂ, ಕತ್ತಿಯಿಂದ ಗುಣವಾಗದ್ದು ಔಷಧದಿಂದ ಗುಣವಾದೀತೆಂದು ಮೊದಲು ಕಂಡವರಲ್ಲಿ ಒಬ್ಬರೂ ಆದ ಡಾಕ್ಟರ್ ಡೆನಿಸ್ ಪಾರ್ಸನ್ಸ್ ಬರ್ಕಿಟ್ಟರ ಜೀವನವನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಬರ್ಕಿಟ್ಟರು 1911ನೇ ಇಸವಿ ಫೆಬ್ರವರಿ 28ರಲ್ಲಿ ಐರ್ಲೆಂಡ್ ದ್ವೀಪದ ಉತ್ತರಭಾಗದ ಎನ್ನಿಸ್ಕಿಲ್ಲೆನ್ ಎಂಬ ಪಟ್ಟಣದ ಬಳಿಯಲ್ಲಿ ಹುಟ್ಟಿದರು. ತಂದೆಯಾದ ಜೇಮ್ಸ್ ಬರ್ಕಿಟ್ಟರು ಆ ಜಿಲ್ಲೆಯ ರಸ್ತೆ ಸೇತುವೆಗಳ ಎಂಜಿನಿಯರರು. ಇವರಿಗೆ ಒಂದು ವಿಚಿತ್ರವಾದ ಹವ್ಯಾಸವಿತ್ತು. ತಮ್ಮ ತೋಟಕ್ಕೆ ಬರುವ ರಾಬಿನ್ ಎಂಬ ಕೆಂಪೆದೆಯ ಹಕ್ಕಿಗಳ ಕಾಲಿಗೆ ಚಿಕ್ಕ ಲೋಹದ ಬಳೆಗಳನ್ನು ತೊಡಿಸಿ, ಯಾವ ಹಕ್ಕಿಯು ತೋಟದ ಯಾವ ಮೂಲೆಯಿಂದ ಯಾವ ಬೇಲಿಯ ತನಕ ಆಳುತ್ತದೆಂದು ನೋಡಿ ನಕ್ಷೆ ಬರೆಯುತ್ತಿದ್ದರು. ಬಣ್ಣಗಳ ಭೇದವು ಅವರ ಕಣ್ಣಿಗೆ ಸರಿಯಾಗಿ ತಿಳಿಯದ ಕಾರಣ ಬಳೆಗಳನ್ನು ಆಕಾರದಿಂದಲೇ ಗುರುತಿಸುತ್ತಿದ್ದರಂತೆ. ಹಕ್ಕಿಗಳನ್ನು ಅರಿತವರು ಇಂದಿಗೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ನಕ್ಷೆ ಬರೆಯುವ ಈ ಅಭ್ಯಾಸವು ಮುಂದೆ ಮಗನಲ್ಲಿ ಹೇಗೆ ಫಲಕೊಟ್ಟಿತೆಂಬದನ್ನು ವಾಚಕರು ನೋಡುವರು.

ಹನ್ನೊಂದು ವರುಷದ ಹುಡುಗನಾಗಿದ್ದಾಗ ಡೆನಿಸನ ಮುಖಕ್ಕೆ ಒಂದು ಕಲ್ಲು ತಗಲಿತು. ಶಾಲೆಯ ಹುಡುಗರು ಕಲ್ಲೆಸೆದು ಆಡುತ್ತಿದ್ದ ಸಮಯವದು. ಕನ್ನಡಕದ ಗಾಜು ಒಡೆದು ಚೂರು ಬಲಗಣ್ಣಿನೊಳಗೆ ಹೊಕ್ಕಿತು. ಆ ಕಣ್ಣನ್ನು ಉಳಿಸಲಾಗದೆ ವೈದ್ಯರು ಅದನ್ನು ತೆಗೆದುಬಿಟ್ಟರು. ಅಂದಿನಿಂದ ಅವರು ಒಕ್ಕಣ್ಣಿನವರಾಗಿಯೇ ಬದುಕಿದರು.

1929ರಲ್ಲಿ ಡಬ್ಲಿನ್ ಪಟ್ಟಣದ ಟ್ರಿನಿಟಿ ಕಾಲೇಜಿಗೆ ಸೇರಿ, ತಂದೆಯ ಹಾಗೆ ಎಂಜಿನಿಯರನಾಗಬೇಕೆಂದು ಓದತೊಡಗಿದರು. ಅಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಕೋಣೆಯಲ್ಲಿ ಕೂಡಿ ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತಿದ್ದರು. ಅವರ ಸಹವಾಸದಲ್ಲಿ ಯುವಕನ ಮನಸ್ಸು ಕರ್ತನ ಕಡೆಗೆ ಸ್ಥಿರವಾಗಿ ತಿರುಗಿತು. ಎಂಜಿನಿಯರ್ ವಿದ್ಯೆಯನ್ನು ಬಿಟ್ಟು ವೈದ್ಯ ವಿದ್ಯೆಯನ್ನು ಹಿಡಿಯಬೇಕೆಂದು ನಿಶ್ಚಯಿಸಿದರು. 1935ರಲ್ಲಿ ವೈದ್ಯರಾದರು, 1938ರಲ್ಲಿ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯರ ಉನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದರು. ದೂರದೇಶದಲ್ಲಿ ಸೇವೆಮಾಡಬೇಕೆಂಬ ಆಶೆಯಿಂದ ವಸಾಹತು ಸರಕಾರಕ್ಕೆ ಅರ್ಜಿ ಬರೆದಾಗ, ಒಂದೇ ಕಣ್ಣುಳ್ಳವನು ಶಸ್ತ್ರವೈದ್ಯನಾಗಿ ನಮಗೆ ಬೇಡವೆಂದು ಆ ಕಚೇರಿಯು ಅರ್ಜಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ನಡೆಯುತ್ತಿತ್ತು. ಕಚೇರಿಗೆ ಬೇಡವಾದ ವೈದ್ಯನು 1941ರಲ್ಲಿ ದಂಡಿಗೆ ಬೇಕಾದನು. ಹೀಗೆ ಬರ್ಕಿಟ್ಟರು ದಂಡಿನ ವೈದ್ಯರಾಗಿ ಪೂರ್ವ ಆಫ್ರಿಕಾವನ್ನೂ ಸಿಂಹಳದ್ವೀಪವನ್ನೂ ಕಂಡರು. 1943ರಲ್ಲಿ ಆಲಿವ್ ರೋಜರ್ಸ್ ಎಂಬ ದಾದಿಯನ್ನು ಮದುವೆಯಾದರು. ಕಾಲಕ್ರಮದಲ್ಲಿ ಮೂವರು ಹೆಣ್ಣುಮಕ್ಕಳಾದರು. ಯುದ್ಧವು ತೀರಿದ ಮೇಲೆ ಎರಡನೆಯ ಸಾರಿ ಅರ್ಜಿ ಹಾಕಲು, ಈ ಸಾರಿ ಕಣ್ಣಿನ ಮಾತು ಅಡ್ಡಬರಲಿಲ್ಲ. 1946ರಲ್ಲಿ ಉಗಾಂಡ ದೇಶದ ಉತ್ತರಕ್ಕಿರುವ ಲಾಂಗೋ ಜಿಲ್ಲೆಯ ಲೀರಾ ಎಂಬ ಊರಿನ ಆಸ್ಪತ್ರೆಗೆ ಅವರನ್ನು ಕಳುಹಿಸಿದರು.

ಲೀರಾದಲ್ಲಿ ಅವರಿದ್ದದ್ದು ಸ್ವಲ್ಪ ಕಾಲ ಮಾತ್ರ. ಆದರೆ ಅಲ್ಲಿ ನಡೆದ ಒಂದು ಸಂಗತಿಯನ್ನು ಬಿಡಲಾಗದು. ವೃಷಣದಲ್ಲಿ ನೀರು ತುಂಬಿ ಬಾತಿರುವ ಗಂಡಸರು ಆ ಆಸ್ಪತ್ರೆಗೆ ಗುಂಪುಗುಂಪಾಗಿ ಬರುತ್ತಿದ್ದರು. ಬೇರೆ ವೈದ್ಯರಾದರೆ ಕೊಯ್ದು ನೀರನ್ನು ತೆಗೆದು ಮನೆಗೆ ಕಳುಹಿಸಿ ಸುಮ್ಮನಾಗುತ್ತಿದ್ದರೇನೋ. ಇವರು ಬಂದವರ ಊರು ಯಾವದೆಂದು ವಿಚಾರಿಸಿ ಬರೆದಿಟ್ಟರು. ಜಿಲ್ಲೆಯ ಪೂರ್ವಕ್ಕಿರುವ ಗಂಡಸರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಂದಿಗೆ ಈ ಬಾವಿತ್ತು. ಪಶ್ಚಿಮದಲ್ಲಿ ನೂರರಲ್ಲಿ ಒಬ್ಬನಿಗೆ ಇತ್ತೋ ಇಲ್ಲವೋ. ಸೊಳ್ಳೆಯ ಮೂಲಕ ಹರಡುವ ಆನೆಕಾಲು ರೋಗದ ಹುಳುವೇ ಇದಕ್ಕೆ ಕಾರಣವೆಂದು ತಿಳಿದುಬಂತು. ಇದನ್ನು ಅವರು 1951ರಲ್ಲಿ ಲಂಡನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಂದು ರೋಗವು ಎಲ್ಲಿದೆ ಎಂದು ಕೇಳುವಷ್ಟೇ ಶ್ರದ್ಧೆಯಿಂದ ಎಲ್ಲಿ ಇಲ್ಲ ಎಂದೂ ಕೇಳುವ ಪದ್ಧತಿಯನ್ನು ಅವರು ಇಲ್ಲಿಯೇ ಕಲಿತರೆಂದು ನಮಗೆ ತೋರುತ್ತದೆ.

1948ರಲ್ಲಿ ಅವರನ್ನು ಉಗಾಂಡದ ಮುಖ್ಯಪಟ್ಟಣವಾದ ಕಂಪಾಲಾಕ್ಕೆ, ಅಲ್ಲಿಯ ಮುಲಾಗೋ ಎಂಬ ದೊಡ್ಡ ಆಸ್ಪತ್ರೆಗೆ ವರ್ಗಮಾಡಿದರು. ಅಲ್ಲಿ ಒಂಭತ್ತು ವರುಷ ಕೊಯ್ಯುವದೂ ಹೊಲಿಯುವದೂ ವಿದ್ಯಾರ್ಥಿಗಳಿಗೆ ಕಲಿಸುವದೂ ನಡೆಯಿತು. ಕಾಲು ಕಳೆದುಕೊಂಡ ಬಡವರಿಗೆ ಕಡಿಮೆ ಖರ್ಚಿನಲ್ಲಿ ಮರಗಾಲುಗಳನ್ನು ಮಾಡಿಸಿಕೊಡುವದರಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು.

1957ರಲ್ಲಿ ಒಂದು ದಿನ, ಅದೇ ಆಸ್ಪತ್ರೆಯ ಹ್ಯೂ ಟ್ರೋವೆಲ್ ಎಂಬ ವೈದ್ಯರು ಬರ್ಕಿಟ್ಟರನ್ನು ಮಕ್ಕಳ ವಾರ್ಡಿಗೆ ಕರೆದರು. ಈ ಟ್ರೋವೆಲ್ಲರು ಹಸಿದ ಮಕ್ಕಳ ಊತರೋಗವನ್ನು ಕುರಿತು ಬಹಳ ಕೆಲಸಮಾಡಿದವರು. ಮುಂದೆ ವೈದ್ಯವೃತ್ತಿಯನ್ನು ಬಿಟ್ಟು ಇಂಗ್ಲೆಂಡಿನಲ್ಲಿ ಸಭಾಪಾಲಕರಾದವರು. ಅಲ್ಲಿ ಹಾಸಿಗೆಯ ಮೇಲೆ ಸುಮಾರು ಐದು ವರುಷದ ಒಬ್ಬ ಹುಡುಗನಿದ್ದನು. ಅವನ ಮೇಲ್ದವಡೆಯ ಎಡಕ್ಕೂ ಬಲಕ್ಕೂ, ಕೆಳದವಡೆಯ ಎಡಕ್ಕೂ ಬಲಕ್ಕೂ, ಹೀಗೆ ನಾಲ್ಕು ಕಡೆಗಳಲ್ಲಿಯೂ ಗಡ್ಡೆ ಎದ್ದು ಮುಖವು ಗುರುತು ಸಿಕ್ಕದಂತಾಗಿತ್ತು. ಹಲ್ಲುಗಳು ಸಡಿಲವಾಗಿ ಅಡ್ಡಾದಿಡ್ಡಿಯಾಗಿ ನಿಂತಿದ್ದವು. ಬರ್ಕಿಟ್ಟರು ಇದೇನೆಂದು ತಿಳಿಯದೆ ನಿಂತರು. ಕೀವಾದ ಬಾವಾಗಿದ್ದರೆ ಒಂದು ಕಡೆ ಇರಬೇಕು. ನಾಲ್ಕು ಕಡೆ ಏಕಕಾಲಕ್ಕೆ ಬರಲಾರದು. ಅರ್ಬುದವಾಗಿದ್ದರೂ ಹಾಗೆಯೇ, ಒಂದು ಸ್ಥಳದಲ್ಲಿ ಹುಟ್ಟಿ ಅಲ್ಲಿಂದ ಹಬ್ಬಬೇಕು. ಗಡ್ಡೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೂ ಸಂದೇಹವು ತೀರಲಿಲ್ಲ. ಹುಡುಗನಿಗೆ ಮಾಡಬಹುದಾದದ್ದು ಏನೂ ಇರಲಿಲ್ಲ.

ಕೆಲವು ವಾರಗಳಾದ ಮೇಲೆ ಅವರು ನೈಲ್ ನದಿಯು ಸರೋವರದಿಂದ ಹೊರಡುವ ಸ್ಥಳದಲ್ಲಿರುವ ಜಿಂಜಾ ಎಂಬ ಪಟ್ಟಣದ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿಯ ವೈದ್ಯರ ಸಂಗಡ ರೋಗಿಗಳನ್ನು ನೋಡುತ್ತಾ ಕಿಟಕಿಯಿಂದ ಹೊರಗೆ ಕಣ್ಣುಹಾಯಿಸಲು, ಹುಲ್ಲಿನ ಮೇಲೆ ತಾಯಿಯ ಪಕ್ಕದಲ್ಲಿ ಕುಳಿತ ಒಂದು ಮಗುವಿನ ಮುಖವು ಊದಿರುವದು ಕಂಡಿತು. ಬರ್ಕಿಟ್ಟರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಹೊರಗೆ ಹೋದರು. ಬಾಯಿ ತೆರೆದು ನೋಡಿದರೆ, ನಾಲ್ಕು ಕಡೆಯೂ ಗಡ್ಡೆ. ಇಂಥ ವಿಚಿತ್ರವನ್ನು ಒಂದು ಸಾರಿ ಕಂಡರೆ ಅಪೂರ್ವವೆಂದು ಮರೆಯಬಹುದು; ಎರಡನೆಯ ಸಾರಿ ಕಂಡ ಮೇಲೆ ಅದನ್ನು ಆಕಸ್ಮಿಕವೆನ್ನಲು ಅವರ ಮನಸ್ಸು ಒಪ್ಪಲಿಲ್ಲ. ಮಗುವಿನ ಹೊಟ್ಟೆಯನ್ನೂ ಮುಟ್ಟಿ ನೋಡಲಾಗಿ ಅಲ್ಲಿಯೂ ಗಡ್ಡೆಗಳು ಕೈಗೆ ಸಿಕ್ಕಿದವು.

ಕಂಪಾಲಾಕ್ಕೆ ಹಿಂದಿರುಗಿ ಅವರು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆಸಿದರು. ದವಡೆಯ ಗಡ್ಡೆಯಿಂದ ಸತ್ತ ಮಕ್ಕಳಲ್ಲಿ ಅನೇಕರಿಗೆ ಮೂತ್ರಪಿಂಡದಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಹೆಣ್ಣುಮಕ್ಕಳಾಗಿದ್ದರೆ ಅಂಡಕೋಶದಲ್ಲಿಯೂ ಗಡ್ಡೆಗಳಿದ್ದವೆಂದು ಬರೆದಿತ್ತು. ಅದುವರೆಗೆ ದವಡೆಯ ಗಡ್ಡೆಯನ್ನು ಒಬ್ಬರು, ಹೊಟ್ಟೆಯ ಗಡ್ಡೆಯನ್ನು ಇನ್ನೊಬ್ಬರು ನೋಡಿ ಬೇರೆ ಬೇರೆ ಹೆಸರಿನಿಂದ ಬರೆದಿಟ್ಟಿದ್ದರು. ಬರ್ಕಿಟ್ಟರು ಇವೆಲ್ಲವೂ ಒಂದೇ ಬೇರಿನ ಕೊಂಬೆಗಳೆಂದು ಕಂಡರು. 1958ರಲ್ಲಿ 38 ಮಕ್ಕಳ ವಿವರವನ್ನು ಕೂಡಿಸಿ ಬ್ರಿಟಿಷ್ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಲೋಕವು ಅದಕ್ಕೆ ಕಿವಿಗೊಡಲಿಲ್ಲ. ಆ ಲೇಖನದಲ್ಲಿ ಅವರು ಇದನ್ನು ಮಾಂಸದ ಅರ್ಬುದವೆಂದು ಕರೆದಿದ್ದರು. ಅದೇ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದ ಓಕಾನರ್ ಎಂಬ ಅಮೇರಿಕದ ಪಂಡಿತರೂ ಡೇವಿಸ್ ಎಂಬವರೂ ಚೂರುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಇದು ದುಗ್ಧರಸದ ಬಿಳಿಕಣಗಳಲ್ಲಿ ಹುಟ್ಟುವ ಲಿಂಫೋಮಾ ಎಂದು ಸ್ಥಾಪಿಸಿದರು. ಕಪ್ಪಾಗಿ ಒತ್ತೊತ್ತಾಗಿ ಕವಿದ ಕಣಗಳ ನಡುನಡುವೆ ತಿಳಿಬಣ್ಣದ ದೊಡ್ಡ ಕಣಗಳು ಚೆದರಿರುವದರಿಂದ, ಸೂಕ್ಷ್ಮದರ್ಶಕದಲ್ಲಿ ಇದು ನಕ್ಷತ್ರಗಳುಳ್ಳ ಇರುಳಿನ ಆಕಾಶದಂತೆ ಕಾಣುತ್ತದೆ. ಇಂದಿಗೂ ಈ ರೋಗವನ್ನು ಗುರುತಿಸುವದಕ್ಕೆ ಅದೊಂದು ಮುಖ್ಯವಾದ ಗುರುತು. ಈ ಕಣಗಳು ಒಂದೆರಡು ದಿನಗಳಲ್ಲಿಯೇ ಇಮ್ಮಡಿಯಾಗುತ್ತವೆ. ಆದಕಾರಣ ಹಲ್ಲು ಅಲ್ಲಾಡುತ್ತದೆಂದು ಈ ವಾರ ತಾಯಿಯು ಕಂಡರೆ, ಮುಂದಿನ ವಾರಗಳಲ್ಲಿ ಕೆನ್ನೆಯು ಉಬ್ಬಿ ಕಣ್ಣುಗುಡ್ಡೆಯೇ ಹೊರಕ್ಕೆ ನೂಕಲ್ಪಡುವದುಂಟು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬರ್ಕಿಟ್ಟರಿಗಿಂತ ಮುಂಚೆ ಈ ರೋಗವನ್ನು ಕಂಡವರಿದ್ದರು. ಕಂಪಾಲಾದ ಮೆಂಗೋ ಗುಡ್ಡದ ಮೇಲೆ 1897ರಲ್ಲಿ ಮಿಷನ್ ಆಸ್ಪತ್ರೆಯನ್ನು ಸ್ಥಾಪಿಸಿದ ಡಾಕ್ಟರ್ ಆಲ್ಬರ್ಟ್ ಕುಕ್ಕರು ಪ್ರತಿಯೊಬ್ಬ ರೋಗಿಯ ವಿವರವನ್ನು ಕೈಬರಹದಲ್ಲಿ ಬರೆದಿಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳ ಆ ಪುಸ್ತಕಗಳಲ್ಲಿ ದವಡೆ ಊದಿದ ಮಕ್ಕಳ ಚಿತ್ರಗಳು ಸಿಕ್ಕಿವೆ. ಆಫ್ರಿಕಾದ ಮೂಲೆಮೂಲೆಯ ಮಿಷನ್ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರೇ ಇದ್ದ ವೈದ್ಯರೂ ಕಂಡಿದ್ದರು. ಆದರೆ ವರುಷಕ್ಕೆ ಒಂದೆರಡು ಮಕ್ಕಳನ್ನು ಕಂಡವರು ಪಕ್ಕದ ದೇಶದಲ್ಲಿಯೂ ಹೀಗೆಯೇ ಇದೆಯೆಂದು ಹೇಗೆ ತಿಳಿಯಬೇಕು? ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬರ್ಕಿಟ್ಟರ ದೊಡ್ಡ ಕೆಲಸವು ಈ ಒಂಟಿ ವೈದ್ಯರನ್ನೆಲ್ಲಾ ಕೇಳಿದ್ದೇ.

ಅವರು ಊದಿದ ಮುಖಗಳ ಚಿತ್ರಗಳನ್ನು ಅಚ್ಚುಹಾಕಿಸಿ, ಇಂಥ ಮಕ್ಕಳನ್ನು ನಿಮ್ಮಲ್ಲಿ ಕಂಡಿದ್ದೀರಾ ಎಂದು ಕೇಳುವ ಒಂದು ಹಾಳೆಯನ್ನು ಮಾಡಿದರು. ಇದಕ್ಕೆ ಸರಕಾರದಿಂದ ದೊರೆತದ್ದು 25 ಪೌಂಡು. ಆ ಹಾಳೆಗಳು ಸಾವಿರಕ್ಕೆ ಮೇಲ್ಪಟ್ಟು ಆಫ್ರಿಕಾದ ಸರಕಾರಿ ಆಸ್ಪತ್ರೆಗಳಿಗೂ ಮಿಷನ್ ಆಸ್ಪತ್ರೆಗಳಿಗೂ ಅಂಚೆಯಲ್ಲಿ ಹೋದವು. ಉತ್ತರಗಳು ಬಂದಂತೆಲ್ಲಾ ತಮ್ಮ ಕಚೇರಿಯ ಗೋಡೆಗೆ ತೂಗಹಾಕಿದ ಆಫ್ರಿಕಾದ ನಕ್ಷೆಯ ಮೇಲೆ ಒಂದೊಂದು ಗುಂಡುಸೂಜಿಯನ್ನು ಚುಚ್ಚಿದರು. ತಿಂಗಳುಗಳು ಕಳೆಯುವಾಗ ಸೂಜಿಗಳು ಪಡುವಣ ಸಮುದ್ರದಿಂದ ಮೂಡಣ ಸಮುದ್ರದ ವರೆಗೆ ಒಂದು ಪಟ್ಟಿಯಾಗಿ ನಿಂತವು. ಸಮಭಾಜಕ ರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಹತ್ತು ಹದಿನೈದು ಅಂಶಗಳ ಅಗಲ. ಪೂರ್ವದ ಕರಾವಳಿಯಲ್ಲಿ ಮೊಜಾಂಬಿಕಿನ ಕಡೆಗೆ ಒಂದು ಬಾಲ. ಆದರೆ ಪಟ್ಟಿಯ ಒಳಗೆಯೂ ಅಲ್ಲಲ್ಲಿ ಬರಿದಾದ ಸ್ಥಳಗಳಿದ್ದವು. ಆ ಊರುಗಳಲ್ಲಿ ರೋಗವಿಲ್ಲವೋ, ಅಥವಾ ವೈದ್ಯನಿಲ್ಲವೋ? ಇದು ಅಂಚೆಯಿಂದ ತಿಳಿಯುವಂಥದಲ್ಲ, ಹೋಗಿಯೇ ನೋಡಬೇಕು.

ಹೀಗೆ ಅವರು ಒಂದು ಪ್ರಯಾಣಕ್ಕೆ ಸಿದ್ಧರಾದರು. ಹಳೆಯದೊಂದು ಫೋರ್ಡ್ ಮೋಟಾರನ್ನು 250 ಪೌಂಡಿಗೆ ಕೊಂಡರು. ಜತೆಗೆ ಬಂದವರು ಇಬ್ಬರು. ಒಬ್ಬರು ಉಗಾಂಡದ ಪಶ್ಚಿಮ ನೈಲ್ ಜಿಲ್ಲೆಯ ಕುಲೂವಾ ಮಿಷನ್ ಆಸ್ಪತ್ರೆಯ ಟೆಡ್ ವಿಲಿಯಮ್ಸರು. ವೈದ್ಯರಾಗಿದ್ದರೂ ಮೋಟಾರಿನ ಕೆಲಸವನ್ನು ಚೆನ್ನಾಗಿ ಬಲ್ಲವರು, ಇಂಥ ದಾರಿಯಲ್ಲಿ ಅದೇನು ಸಣ್ಣ ಗುಣವಲ್ಲ. ಇನ್ನೊಬ್ಬರು ಸರಕಾರಿ ವೈದ್ಯರಾದ ಕ್ಲಿಫ್ ನೆಲ್ಸನ್ನರು. 1961ನೇ ಅಕ್ಟೋಬರ್ ತಿಂಗಳಲ್ಲಿ ಈ ಮೂವರೂ ಕಂಪಾಲಾದಿಂದ ಹೊರಟು, ಅಂದು ಟಾಂಗನ್ಯೀಕಾ ಎನಿಸುತ್ತಿದ್ದ ಇಂದಿನ ತಾಂಜಾನಿಯಾ, ನ್ಯಾಸಾಲ್ಯಾಂಡ್ ಎನಿಸುತ್ತಿದ್ದ ಇಂದಿನ ಮಲಾವಿ, ಮೊಜಾಂಬಿಕ್, ರೊಡೇಸಿಯಾ ದೇಶಗಳನ್ನು ಹಾದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನ ವರೆಗೆ ಹೋಗಿ ಹಿಂದಿರುಗಿದರು. ಹತ್ತು ವಾರಗಳಲ್ಲಿ 10,000 ಮೈಲುಗಳಾದವು. ಐವತ್ತಕ್ಕೆ ಮಿಕ್ಕಿದ ಆಸ್ಪತ್ರೆಗಳನ್ನು ಕಂಡರು. ಪ್ರತಿಯೊಂದು ಆಸ್ಪತ್ರೆಯಲ್ಲಿ ಚಿತ್ರಗಳನ್ನು ತೋರಿಸುವದು, ಕೇಳುವದು, ಬರೆದುಕೊಳ್ಳುವದು, ಮುಂದಿನ ಊರಿಗೆ ಹೋಗುವದು, ಇಷ್ಟೇ ಅವರ ಕೆಲಸ. ಪಟ್ಟಿಯ ಅಂಚನ್ನು ಹಿಡಿದು ಅವರು ನಡೆದರು. ಇಲ್ಲಿ ಉಂಟು, ನೂರು ಮೈಲಿನಾಚೆ ಇಲ್ಲ ಎಂಬ ಗಡಿಯ ಊರುಗಳೇ ಅವರಿಗೆ ಬೇಕಾಗಿದ್ದವು.

ಮೊದಲು ಅವರಿಗೆ ಎತ್ತರವೇ ಕಾರಣವೆಂದು ತೋರಿತು. ಸಮಭಾಜಕ ರೇಖೆಯ ಬಳಿಯಲ್ಲಿ 5,000 ಅಡಿಗಿಂತ ಎತ್ತರದ ನಾಡುಗಳ ಮಕ್ಕಳಿಗೆ ಈ ರೋಗವು ಕಾಣಲಿಲ್ಲ. ದಕ್ಷಿಣಕ್ಕೆ ಹೋದಂತೆ ಈ ಗಡಿಯು ಕೆಳಗೆ ಇಳಿಯಿತು. ಅಲ್ಲಿ 3,000 ಅಡಿಗೆ, ಇನ್ನೂ ಮುಂದೆ 1,000 ಅಡಿಗೆ. ಹೀಗೇಕೆಂದು ಅವರಿಗೆ ಬಗೆಹರಿಯದಿರಲು, ಉಗಾಂಡದ ಎಂಟೆಬ್ಬೆಯಲ್ಲಿ ವೈರಸ್‌ಗಳ ಶೋಧನೆ ನಡೆಸುತ್ತಿದ್ದ ಹ್ಯಾಡೋ ಎಂಬ ಪಂಡಿತರು ನಕ್ಷೆಯನ್ನು ನೋಡಿ, ಇದು ಎತ್ತರದ ಗಡಿಯಲ್ಲ, ಚಳಿಯ ಗಡಿಯೆಂದು ತಿಳಿಸಿದರು. ಚಳಿಗಾಲದಲ್ಲಿಯೂ ಶಾಖವು ಫ್ಯಾರನ್‌ಹೀಟ್ 60 ಡಿಗ್ರಿಗಿಂತ ಕೆಳಕ್ಕೆ ಇಳಿಯದ ಸ್ಥಳಗಳಲ್ಲಿ ರೋಗವಿತ್ತು. ವರುಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ ಬೀಳುವ ಒಣಸೀಮೆಯಲ್ಲಿ, ಬಿಸಿಯಿದ್ದರೂ, ರೋಗವಿರಲಿಲ್ಲ. ಬಿಸಿ, ಮಳೆ, ತಗ್ಗಾದ ನೆಲ. ಹಳ್ಳಿಯಲ್ಲಿ ವಾಸಿಸುವ ನಮ್ಮ ವಾಚಕರಿಗೆ ಇವು ಮೂರೂ ಕೂಡಿದ ಸ್ಥಳದಲ್ಲಿ ಏನು ಹುಟ್ಟುತ್ತದೆಂದು ಹೇಳಬೇಕಾಗಿಲ್ಲ. ಸೊಳ್ಳೆಯ ಮೇಲೆ ಎಲ್ಲರ ಸಂಶಯವು ಹೋಯಿತು.

ಸಂಶಯವು ಅರ್ಧ ಸರಿಯಾಗಿತ್ತು. ಸೊಳ್ಳೆಯು ಅರ್ಬುದವನ್ನು ಹೊತ್ತು ತರುವದಿಲ್ಲ; ಅದು ತರುವದು ಚಳಿಜ್ವರವನ್ನು. ವರುಷವೆಲ್ಲಾ ಮಲೇರಿಯಾ ಹಿಡಿದು ಬಿಡುವ ಸೀಮೆಯಲ್ಲಿ ಮಗುವಿನ ರಕ್ತದ ಕಾವಲು ಕಣಗಳು ಬಿಡುವಿಲ್ಲದೆ ಹೆಚ್ಚಬೇಕಾಗುತ್ತದೆ, ಅದರ ಕಾವಲಿನ ಶಕ್ತಿಯೂ ಕುಂದುತ್ತದೆ. ಮಲೇರಿಯಾ ಇಲ್ಲದ ಎತ್ತರದ ನಾಡಿನಿಂದ ತಗ್ಗಿನ ಸೀಮೆಗೆ ಕೂಲಿಗಾಗಿ ಇಳಿದು ಬಂದವರಿಗೆ ಈ ಗಡ್ಡೆಯು ಅಲ್ಲಿ ಹುಟ್ಟಿದ ಮಕ್ಕಳಿಗಿಂತ ಹೆಚ್ಚಿನ ವಯಸ್ಸಿನಲ್ಲಿಯೂ ಬಂದದ್ದು ಇದಕ್ಕೆ ಒಂದು ಸಾಕ್ಷಿ. ಆದರೆ ಮಲೇರಿಯಾ ಒಂದರಿಂದಲೇ ಅರ್ಬುದವಾಗುವದಿಲ್ಲ. ಇನ್ನೊಂದು ಕಾರಣವು ಲಂಡನಿನಲ್ಲಿ ಸಿಕ್ಕಿತು.

ದಕ್ಷಿಣದ ಪ್ರಯಾಣಕ್ಕೆ ಹೊರಡುವ ಮುಂಚೆ, ಅದೇ 1961ನೇ ಮಾರ್ಚ್ 22ರಂದು ಬರ್ಕಿಟ್ಟರು ರಜೆಯಲ್ಲಿ ಲಂಡನಿಗೆ ಬಂದಿದ್ದಾಗ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು. ಕೇಳಲು ಬಂದವರಲ್ಲಿ ಆಂಥನಿ ಎಪ್‌ಸ್ಟೀನ್ ಎಂಬ ಯುವ ಪಂಡಿತನಿದ್ದನು. ಕೋಳಿಗಳಲ್ಲಿ ವೈರಸ್‌ನಿಂದ ಬರುವ ಅರ್ಬುದವನ್ನು ಈತನು ಬಲ್ಲವನಾದ್ದರಿಂದ, ಮಳೆ ಬಿಸಿಲುಗಳಿಗೆ ಕಟ್ಟುಬಿದ್ದ ಅರ್ಬುದವೆಂದು ಕೇಳಿದೊಡನೆ ಇದರಲ್ಲಿಯೂ ವೈರಸ್ ಇರಬಹುದೆಂದು ಅವನ ಮನಸ್ಸಿಗೆ ಹೊಳೆಯಿತು. ಅಂದಿನಿಂದ ಕಂಪಾಲಾದ ಗಡ್ಡೆಯ ಚೂರುಗಳು ವಿಮಾನದಲ್ಲಿ ಲಂಡನಿಗೆ ಹೋಗತೊಡಗಿದವು. ಎರಡು ವರುಷಕ್ಕಿಂತ ಹೆಚ್ಚು ಕಾಲ ಏನೂ ಸಿಕ್ಕಲಿಲ್ಲ. 1963ನೇ ಡಿಸೆಂಬರ್ 5ರಂದು ಲಂಡನಿನಲ್ಲಿ ಮಂಜು ಕವಿದ ಕಾರಣ ವಿಮಾನವು ಮ್ಯಾಂಚೆಸ್ಟರಿಗೆ ತಿರುಗಿತು. ಚೂರು ತಡವಾಗಿ ತಲಪುವಾಗ ಅದು ತೇಲುತ್ತಿದ್ದ ದ್ರವವು ಕದಡಿತ್ತು. ಕೆಟ್ಟುಹೋಯಿತೆಂದು ಚೆಲ್ಲುವ ಬದಲು ಅವರು ನೋಡಿದರು. ಕದಡಿದ್ದು ಗಡ್ಡೆಯಿಂದ ಬಿಡಿಬಿಡಿಯಾಗಿ ಉದುರಿದ ಜೀವಂತ ಕಣಗಳಿಂದ. ಆ ಕಣಗಳು ಸೀಸೆಯಲ್ಲಿ ಬೆಳೆದವು. 1964ನೇ ಫೆಬ್ರವರಿ 24ರಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಪ್‌ಸ್ಟೀನನು ಅವುಗಳೊಳಗೆ ವೈರಸ್ಸನ್ನು ಕಂಡನು. ಅವನ ಸಂಗಡ ದುಡಿದವರು ಇವೋನ್ ಬಾರ್ ಎಂಬಾಕೆಯೂ ಬರ್ಟ್ ಅಚಾಂಗ್ ಎಂಬವರೂ. ಮನುಷ್ಯರ ಅರ್ಬುದದಲ್ಲಿ ಸಿಕ್ಕಿದ ಮೊದಲನೆಯ ವೈರಸ್ ಇದೇ. ಎಪ್‌ಸ್ಟೀನ್ ಬಾರ್ ವೈರಸ್ ಎಂದು ಇದನ್ನು ಕರೆಯುತ್ತಾರೆ. ಲೋಕದ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಇದು ಸದ್ದಿಲ್ಲದೆ ವಾಸಿಸುತ್ತದೆ. ಇದನ್ನು ಬರೆಯುವವರಿಗೂ ಓದುವವರಿಗೂ ಇದರಿಂದ ಬಹುಶಃ ಯಾವ ಹಾನಿಯೂ ಇಲ್ಲ. ಎಳೆಯ ಮಗುವಿನಲ್ಲಿ ಈ ವೈರಸ್ಸೂ ಎಡೆಬಿಡದ ಮಲೇರಿಯಾವೂ ಕೂಡಿ, ಕಣದ ಬೀಜದಲ್ಲಿರುವ ಎಳೆಗಳು ಒಂದು ವಿಧವಾಗಿ ಮುರಿದು ತಪ್ಪಾಗಿ ಜೋಡಿಸಿಕೊಂಡಾಗ ಆ ಕಣವು ಅಂಕೆತಪ್ಪಿ ಬೆಳೆಯುತ್ತದೆಂದು ಮುಂದಿನ ಪಂಡಿತರು ತೋರಿಸಿದರು.

ಇನ್ನು ಚಿಕಿತ್ಸೆಯ ಸಂಗತಿ. ಶಸ್ತ್ರವೈದ್ಯನಿಗೆ ತನ್ನ ಕೈಯ ಕತ್ತಿಯಲ್ಲಿ ಭರವಸವಿರುವದು ಸಹಜ. ಬರ್ಕಿಟ್ಟರೂ ಮೊದಲು ಕೊಯ್ದರು. ದವಡೆಯ ಗಡ್ಡೆಯನ್ನು ಕೊಯ್ಯುವದೆಂದರೆ ಮಗುವಿನ ಅರ್ಧ ಮುಖವನ್ನು ಕೊಯ್ಯುವದು. ಹಾಗೆ ಮಾಡಿದರೂ ಗಡ್ಡೆಯು ತಿರಿಗಿ ಬರುತ್ತಿತ್ತು, ಹೊಟ್ಟೆಯಲ್ಲಿರುವದು ಹಾಗೆಯೇ ಉಳಿಯುತ್ತಿತ್ತು. ಯಂತ್ರದ ಕಿರಣಗಳಿಂದ ಅರ್ಬುದವನ್ನು ಸುಡುವ ವ್ಯವಸ್ಥೆಯು ಆಗ ಉಗಾಂಡದಲ್ಲಿರಲಿಲ್ಲ. ಇಂಥ ಸಮಯದಲ್ಲಿ ನ್ಯೂಯಾರ್ಕಿನ ಬರ್ಚನಾಲ್ ಮತ್ತು ಅಟ್‌ಗೆನ್ ಎಂಬ ವೈದ್ಯರು ಈ ಮಕ್ಕಳ ವಿಷಯವನ್ನು ಕೇಳಿ, ರಕ್ತದ ಅರ್ಬುದಕ್ಕೆ ಕೊಡುತ್ತಿದ್ದ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಒದಗಿಸಿದರು. ಬರ್ಕಿಟ್ಟರು ಅದನ್ನು ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಗಡ್ಡೆಯು ಮೆತ್ತಗಾಯಿತು. ಎರಡು ಮೂರು ವಾರಗಳಲ್ಲಿ ಮುಖವು ಮೊದಲಿನ ರೂಪಕ್ಕೆ ಬಂತು. ಅನಂತರ ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟಿನ್ ಎಂಬ ಬೇರೆ ಔಷಧಗಳೂ ದೊರೆತವು. ನೈರೋಬಿಯಲ್ಲಿ ಪೀಟರ್ ಕ್ಲಿಫರ್ಡ್ ಎಂಬ ವೈದ್ಯರೂ ಅದೇ ಕಾಲದಲ್ಲಿ ಇದೇ ಕೆಲಸವನ್ನು ಮಾಡುತ್ತಿದ್ದರು.

ಈ ಔಷಧಗಳು ವಿಷದಂಥವು. ರೋಗದ ಕಣವನ್ನು ಕೊಲ್ಲುವಾಗ ಮಜ್ಜೆಯ ಒಳ್ಳೆಯ ಕಣಗಳನ್ನೂ ಕೊಲ್ಲುತ್ತವೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ದಿನದಿನವೂ ರಕ್ತಪರೀಕ್ಷೆ ಬೇಕು, ರಕ್ತ ಕೊಡಬೇಕು, ಸೋಂಕನ್ನು ತಡೆಯಬೇಕು. ಮುಲಾಗೋದಲ್ಲಿ ಅದಕ್ಕೆ ತಕ್ಕ ಅನುಕೂಲವಿರಲಿಲ್ಲ. ಆದಕಾರಣ ಬರ್ಕಿಟ್ಟರು ಭಯಪಟ್ಟು ಸ್ವಲ್ಪಸ್ವಲ್ಪವೇ ಕೊಟ್ಟರು. ಅದಲ್ಲದೆ, ಮುಖದ ಬಾವು ಇಳಿದೊಡನೆ ಮಗುವು ವಾಸಿಯಾಯಿತೆಂದು ತಿಳಿದು ಕೆಲವು ತಂದೆತಾಯಿಗಳು ಹೇಳದೆ ಊರಿಗೆ ಹೋಗಿಬಿಡುತ್ತಿದ್ದರು. ಹೊಲವನ್ನೂ ಮಿಕ್ಕ ಮಕ್ಕಳನ್ನೂ ಬಿಟ್ಟು ದೂರದಿಂದ ಬಂದವರು ಎಷ್ಟು ದಿನ ಕಾದಿರಬಲ್ಲರು? ಇವರನ್ನು ನಾವು ದೂರಲಾರೆವು. ಹೀಗೆ ಹೋದವರಲ್ಲಿ ಅನೇಕ ಮಕ್ಕಳಿಗೆ ಗಡ್ಡೆಯು ತಿರಿಗಿ ಹುಟ್ಟಿತು. ಆದರೆ ಎಲ್ಲರಿಗೂ ಅಲ್ಲ. ಒಂದೆರಡು ಸಾರಿ ಮಾತ್ರ ಔಷಧ ಹೊಂದಿದ ಕೆಲವರನ್ನು ವರುಷಗಳ ಮೇಲೆ ಹುಡುಕಿ ನೋಡಲಾಗಿ, ಅವರು ಬೆಳೆದು ಆರೋಗ್ಯವಾಗಿರುವದು ಕಂಡಿತು. ಔಷಧದಿಂದ ಅರ್ಬುದವು ಕೆಲವು ತಿಂಗಳು ತಗ್ಗೀತೇ ಹೊರತು ಬೇರುಸಹಿತ ಹೋಗಲಾರದೆಂದು ಹೆಚ್ಚಿನ ವೈದ್ಯರು ನಂಬಿದ್ದ ಕಾಲವದು. ಬರ್ಕಿಟ್ಟರು ಪ್ರತಿಯೊಂದು ಮಗುವಿನ ಚಿತ್ರವನ್ನು ಔಷಧಕ್ಕೆ ಮುಂಚೆಯೂ ಆಮೇಲೆಯೂ ತೆಗೆದಿಡುತ್ತಿದ್ದರು. ದೇಶದೇಶಗಳ ಸಭೆಗಳಲ್ಲಿ ಆ ಜೋಡಿಚಿತ್ರಗಳನ್ನು ತೋರಿಸಿದಾಗ ಸಂದೇಹಪಟ್ಟವರು ನೋಡಿ ಬೆರಗಾದರು.

1966ರಲ್ಲಿ ಅವರು ಉಗಾಂಡವನ್ನು ಬಿಟ್ಟು ಕುಟುಂಬಸಹಿತವಾಗಿ ಇಂಗ್ಲೆಂಡಿಗೆ ಬಂದರು. ಅಲ್ಲಿ ಇನ್ನೊಂದು ವಿಷಯವು ಅವರನ್ನು ಹಿಡಿಯಿತು. ತೌಡು ತೆಗೆಯದ ಧಾನ್ಯವನ್ನೂ ನಾರುಳ್ಳ ಕಾಯಿಪಲ್ಯವನ್ನೂ ಉಣ್ಣುವ ಆಫ್ರಿಕಾದ ಹಳ್ಳಿಯವರಲ್ಲಿ ಕಾಣದ ಕರುಳಿನ ರೋಗಗಳು ಬಿಳಿ ರೊಟ್ಟಿ ತಿನ್ನುವ ದೇಶಗಳಲ್ಲಿ ಹೇಗೆ ಬಂದವೆಂದು ವಿಚಾರಿಸಿ, ಅದನ್ನು ಕುರಿತು ದೇಶದೇಶಗಳಲ್ಲಿ ಉಪನ್ಯಾಸ ಕೊಟ್ಟರು, 1979ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಸಾಮಾನ್ಯ ಜನರು ಅವರನ್ನು ಬಲ್ಲದ್ದು ಈ ನಾರಿನ ಉಪದೇಶದಿಂದಲೇ. ಅದರಲ್ಲಿ ಎಲ್ಲವೂ ಅವರು ಹೇಳಿದಷ್ಟು ಸರಳವಾಗಿಲ್ಲವೆಂದು ಮುಂದೆ ತಿಳಿದುಬಂದರೂ, ನಾರಿನ ಆಹಾರವು ಒಳ್ಳೆಯದೆಂಬ ಮುಖ್ಯವಾದ ಮಾತು ನಿಂತಿದೆ. ಆದರೆ ನಮ್ಮ ಕಥೆಯು ಅದಲ್ಲ. 1972ರಲ್ಲಿ ಲಂಡನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಅದೇ ವರುಷ ಅಮೇರಿಕದ ಲಾಸ್ಕರ್ ಬಹುಮಾನದಲ್ಲಿ ಇತರ ವೈದ್ಯರೊಂದಿಗೆ ಅವರಿಗೂ ಪಾಲು ದೊರೆಯಿತು. ಸಭೆಗಳಲ್ಲಿ ಮಾತಾಡುವಾಗ ತಮ್ಮ ವಿಶ್ವಾಸವನ್ನು ಅವರು ಬಚ್ಚಿಡುತ್ತಿರಲಿಲ್ಲ. 1993ನೇ ಮಾರ್ಚ್ 23ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ನಿದ್ರೆಹೋದರು.

ಅವರು ಬಿಟ್ಟುಬಂದ ಕೆಲಸವನ್ನು ಇತರರು ಎತ್ತಿಕೊಂಡಿದ್ದರು. 1967ರಲ್ಲಿ ಮುಲಾಗೋ ಗುಡ್ಡದ ಮೇಲೆಯೇ ಈ ಮಕ್ಕಳಿಗಾಗಿ ಒಂದು ಚಿಕಿತ್ಸಾಲಯವು ಹುಟ್ಟಿತು. ಅಮೇರಿಕದಿಂದ ಬಂದ ಜಾನ್ ಝೀಗ್ಲರ್ ಎಂಬ ವೈದ್ಯರು ಅದನ್ನು ಮೊದಲು ನಡೆಸಿದರು, ಅವರ ತರುವಾಯ ಉಗಾಂಡದವರೇ ಆದ ಚಾರ್ಲ್ಸ್ ಒಲ್ವೆನಿಯವರು ನಡೆಸಿದರು. ಔಷಧಗಳನ್ನು ಒಂದೊಂದಾಗಿ ಅಲ್ಲದೆ ಕೂಡಿಸಿ ಕೊಡುವದು, ರೋಗವು ಮಿದುಳಿಗೆ ಹತ್ತದಂತೆ ಬೆನ್ನುಹುರಿಯ ನೀ‌ರಿನೊಳಕ್ಕೆ ಸೂಜಿಮದ್ದು ಹಾಕುವದು, ದೊಡ್ಡ ಗಡ್ಡೆಯು ಒಮ್ಮೆಗೇ ಕರಗಿದಾಗ ಸತ್ತ ಕಣಗಳ ಕಸವು ಮೂತ್ರಪಿಂಡವನ್ನು ಕಟ್ಟದಂತೆ ಮೊದಲೇ ನೀರು ಏರಿಸುವದು, ಇವುಗಳಲ್ಲಿ ಬಹಳಷ್ಟನ್ನು ಅಲ್ಲಿಯ ಹಾಸಿಗೆಗಳ ಪಕ್ಕದಲ್ಲಿ ಕಲಿತರು. ಇಂದು ಐಶ್ವರ್ಯವುಳ್ಳ ದೇಶಗಳಲ್ಲಿ ಈ ರೋಗದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಭತ್ತು ಮಂದಿ ವಾಸಿಯಾಗುತ್ತಾರೆ. ಆಫ್ರಿಕಾದಲ್ಲಿ ವಾಸಿಯಾಗುವವರು ಅದಕ್ಕಿಂತ ಬಹು ಕಡಿಮೆ. ಔಷಧವು ಅದೇ, ತಡವಾಗಿ ಬರುವದು, ದಾರಿಖರ್ಚಿಲ್ಲದಿರುವದು, ನಡುವೆ ಬಿಟ್ಟುಹೋಗುವದು, ಇವೇ ಅಡ್ಡಿ. ಬರ್ಕಿಟ್ಟರು ಮೊದಲು ಕೆಲಸಮಾಡಿದ ಲಾಂಗೋ ಸೀಮೆಯಿಂದಲೂ ವಿಲಿಯಮ್ಸರ ಪಶ್ಚಿಮ ನೈಲಿನಿಂದಲೂ ಇಂದಿಗೂ ಇಂಥ ಮಕ್ಕಳು ಆಸ್ಪತ್ರೆಗೆ ಬರುತ್ತಾರೆ. ಹಲ್ಲು ಅಲ್ಲಾಡುವದನ್ನು ಮೊದಲು ಕಂಡ ತಾಯಿಯು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕರೆತಂದಿರುತ್ತಾಳೆ.